‘ಇಂಟರ್‌ರೆಗ್ನಮ್’ ಪದವನ್ನು ಕನ್ನಡಕ್ಕೆ ತರುವ ಬಗೆ

ಇತಿಹಾಸದ ಬರಹ ಓದುವಾಗಲೋ ಅನುವಾದಿಸುವಾಗಲೋ ಒಬ್ಬ ಅರಸ ಹೋಗಿ ಮತ್ತೊಬ್ಬ ಬರುವವರೆಗಿನ ಅವಧಿಯನ್ನು ಹೇಳುವ ಈ ಪದ ಎದುರಾದರೆ ಮೊದಲು ಅದನ್ನು ಬಿಡಿಸಿ ನೋಡಿ. ಲ್ಯಾಟಿನ್‌ನಲ್ಲಿ ‘ಇಂಟರ್’ ಎಂದರೆ ನಡುವೆ, ‘ರೆಗ್ನಮ್’ ಎಂದರೆ ಅರಸನ ಆಳ್ವಿಕೆ. ಅರಸನಿಗೆ ‘ರೆಕ್ಸ್’ ಎನ್ನುತ್ತಿದ್ದರು. ನಮ್ಮ ‘ರಾಜ’ನಿಗೂ ಅದಕ್ಕೂ ಬೇರು ಒಂದೇ.

ಹಾಗೆಂದು ‘ಅಂತರರಾಜ್ಯ’ ಎಂದು ಬರೆದರೆ ಕೆಲಸ ಕೆಟ್ಟಿತು. ಓದುಗರಿಗೆ ನೆನಪಾಗುವುದು ಅಂತರರಾಜ್ಯ ಬಸ್ಸು, ಅಂತರರಾಜ್ಯ ಜಲವಿವಾದ. ‘ಅರಾಜಕತೆ’ಯೂ ಈಗ ಒದಗುವುದಿಲ್ಲ. ಅರಸನಿಲ್ಲದಿರುವುದು ಎಂಬುದೇ ಅದರ ಹಳೆಯ ಅರ್ಥ: ವಾಲ್ಮೀಕಿ ರಾಮಾಯಣದಲ್ಲಿ ದಶರಥ ತೀರಿಕೊಂಡು, ಭರತ ಇನ್ನೂ ಅಯೋಧ್ಯೆಗೆ ಬಾರದಿದ್ದಾಗ, ‘ಅರಾಜಕ’ ನಾಡಿಗೆ ಏನೇನು ಕೇಡು ಬಂದೀತೆಂದು ಹಿರಿಯರು ವಸಿಷ್ಠರ ಮುಂದೆ ಒಂದೊಂದಾಗಿ ಹೇಳುತ್ತಾರೆ. ಕಾಲ ಕಳೆದಂತೆ ಕೇಡಿನ ಅರ್ಥವೇ ಉಳಿಯಿತು, ಖಾಲಿ ಸಿಂಹಾಸನ ಮರೆಯಾಯಿತು. ಒಳ್ಳೆಯ ಪದವೊಂದು ಹೀಗೆ ಕೈತಪ್ಪಿದ್ದು ನಷ್ಟವೇ.

ರೋಮಿನಲ್ಲಿ ‘ಇಂಟರ್‌ರೆಗ್ನಮ್’ ಗಲಭೆಯ ಹೆಸರಲ್ಲ, ಕಟ್ಟುನಿಟ್ಟಿನ ಏರ್ಪಾಡು. ಮೊದಲ ಅರಸ ರೋಮ್ಯುಲಸ್‌ನ ನಂತರ ಹಿರಿಯರ ಸಭೆಯ ಸದಸ್ಯರಾದ ಸೆನೆಟರುಗಳು ಐದೈದು ದಿನ ಸರದಿಯಂತೆ ಅಧಿಕಾರ ನಡೆಸಿದರೆಂದು ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಒಂದು ವರ್ಷದ ಮೇಲೆ ನ್ಯೂಮಾ ಅರಸನಾದ. ಅರಸೊತ್ತಿಗೆ ಹೋದ ಮೇಲೂ, ನಾಡಿನ ಮುಖ್ಯ ಅಧಿಕಾರಿಗಳಾದ ಇಬ್ಬರು ಕಾನ್ಸಲ್‌ಗಳ ಸ್ಥಾನವೂ ತೆರವಾದಾಗ ‘ಇಂಟರ್‌ರೆಕ್ಸ್’ ಒಬ್ಬನನ್ನು ನೇಮಿಸುತ್ತಿದ್ದರು. ಅವನ ಅವಧಿಯೂ ಐದೇ ದಿನ. ಹೊಸ ಕಾನ್ಸಲ್‌ಗಳ ಚುನಾವಣೆ ನಡೆಯುವ ತನಕ ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು.

ಆದ್ದರಿಂದ ‘ನಡುಗಾಲ’ ಎನ್ನಿ. ಮೊದಲ ಸಲ ಬಳಸುವಾಗ ‘ಅರಸನಿಲ್ಲದ ನಡುಗಾಲ’ ಎಂದು ಬಿಡಿಸಿ ಬರೆಯಿರಿ.

ಬಳಸುವ ಮುನ್ನ ಸಿಂಹಾಸನ ನಿಜಕ್ಕೂ ತೆರವಾಗಿತ್ತೇ ಎಂದು ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕಸಿದುಕೊಂಡರು, ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಳ್ಳುವವರೆಗೂ ಮಹಾರಾಜರೇ. ಅದು ಕಮಿಷನರುಗಳ ಆಡಳಿತ. ನಾಲ್ವಡಿಯವರು ಬಾಲಕರಾಗಿದ್ದಾಗ ತಾಯಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರಾಜ್ಯಭಾರ ನೋಡಿಕೊಂಡದ್ದು ರೀಜೆನ್ಸಿ, ಅಂದರೆ ಅರಸನ ಪರವಾಗಿ ನಡೆಸುವ ಆಡಳಿತ. ಎರಡೂ ನಡುಗಾಲವಲ್ಲ.

ಇಸವಿಗಳನ್ನೂ ಬರೆಯಿರಿ, ಯಾವುದರಿಂದ ಎಣಿಸಿದಿರಿ ಎಂಬುದನ್ನೂ ಹೇಳಿ. ಜರ್ಮನಿಯ ‘ಮಹಾ ನಡುಗಾಲ’ 1273ರಲ್ಲಿ ರುಡಾಲ್ಫ್ ಅರಸನಾಗಿ ಆಯ್ಕೆಯಾಗುವುದರೊಂದಿಗೆ ಮುಗಿಯಿತು, ಆದರೆ ಆರಂಭವನ್ನು ಕೆಲವರು ಚಕ್ರವರ್ತಿ ಎರಡನೇ ಫ್ರೆಡರಿಕ್ ಸತ್ತ 1250ರಿಂದ, ಕೆಲವರು ಅವನ ಮಗ ನಾಲ್ಕನೇ ಕಾನ್ರಾಡ್ ಸತ್ತ 1254ರಿಂದ ಎಣಿಸುತ್ತಾರೆ. ಇಂಗ್ಲೆಂಡಿನದು ಇನ್ನೂ ತೊಡಕು. 1649ರ ಜನವರಿ 30ರಂದು ಮೊದಲನೇ ಚಾರ್ಲ್ಸ್‌ನ ತಲೆ ಕಡಿದರು. ಮಗ ಎರಡನೇ ಚಾರ್ಲ್ಸ್ ಲಂಡನ್ನಿಗೆ ಮರಳಿದ್ದು 1660ರ ಮೇ 29ರಂದು. ಆದರೆ ಕಾನೂನಿನ ಲೆಕ್ಕದಲ್ಲಿ ತಂದೆ ಸತ್ತ ದಿನದಿಂದಲೇ ಮಗ ಅರಸ. ಹಾಗಾಗಿ ಹಳೆಯ ಕಾಯಿದೆ ಸಂಪುಟದಲ್ಲಿ 1660ರ ಕಾಯಿದೆಗೆ ಎರಡನೇ ಚಾರ್ಲ್ಸ್‌ನ ಆಳ್ವಿಕೆಯ ‘12ನೇ ವರ್ಷ’ ಎಂದಿದ್ದರೆ ಅಚ್ಚಿನ ತಪ್ಪೆಂದು ತಿದ್ದಬೇಡಿ.