ಚಳಿಗೂ ಭೂತಕಾಲವುಂಟು: ಜಪಾನಿಯ ‘ಇ’ ಗುಣವಾಚಕ ಕಲಿಯುವುದು ಹೇಗೆ?

‘ನಿನ್ನೆ ಚಳಿ ಇತ್ತು’ ಎಂಬುದನ್ನು ಜಪಾನಿಯಲ್ಲಿ ಹೇಳಬೇಕಿತ್ತು. ಚಳಿಗೆ ‘ಸಮುಇ’, ‘ಇದೆ’ಗೆ ‘ದೆಸು’, ‘ಇತ್ತು’ಗೆ ‘ದೆಶಿತ’ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ‘ಕಿನೋ ವ ಸಮುಇ ದೆಶಿತ’ ಎಂದೆ. ಶಿಕ್ಷಕಿ ಏನೂ ಹೇಳದೆ ಬೋರ್ಡಿನ ಮೇಲೆ ಒಂದೇ ಪದ ಬರೆದರು: ಸಮುಕತ್ತ. ನಾನು ಹೊರಗಿನಿಂದ ತಂದು ಅಂಟಿಸಿದ ‘ಇತ್ತು’, ಚಳಿಯ ಹೊಟ್ಟೆಯೊಳಗೇ ಕೂತಿತ್ತು.

‘ಸಮುಇ’ಯಂತೆ ‘ಇ’ಯಲ್ಲಿ ಮುಗಿಯುವ ಈ ಗುಂಪಿನ ಗುಣವಾಚಕಗಳು ಅರ್ಧ ಕ್ರಿಯಾಪದಗಳು. ಕಾಲವನ್ನೂ ನಿಷೇಧವನ್ನೂ ತಾವೇ ಹೊರುತ್ತವೆ. ಇದನ್ನು ಒಪ್ಪಿಕೊಂಡರೆ ಉಳಿದದ್ದು ಅಭ್ಯಾಸ ಮಾತ್ರ.

ಮೊದಲು ಬಾಲವನ್ನು ಗುರುತಿಸಿ. ಸಮು-ಇ, ಫುರು-ಇ, ಯಸು-ಇ: ಕೊನೆಯ ‘ಇ’ ಬಿಡಿಯಾಗಿ ಕೇಳಿಸಬೇಕು. ಕನ್ನಡದಲ್ಲಿ ‘ಹಳೆಯ ಪುಸ್ತಕ’ ಎನ್ನುತ್ತೇವೆ, ತಿರುಗಿಸಿದರೆ ‘ಪುಸ್ತಕ ಹಳೆಯದು’ ಎಂದು ರೂಪ ಬದಲಾಗುತ್ತದೆ. ಅಲ್ಲಿ ‘ಫುರುಇ ಹೊನ್’, ‘ಹೊನ್ ವ ಫುರುಇ’. ಪದ ಹಾಗೇ ಇರುತ್ತದೆ. ಆದರೆ ಅಜ್ಜನನ್ನು ಮಾತ್ರ ‘ಫುರುಇ’ ಎನ್ನಬೇಡಿ. ಅದು ವಸ್ತುಗಳ ಹಳತು, ವಯಸ್ಸಿನದಲ್ಲ.

ಇನ್ನು ಬಾಲ ಕತ್ತರಿಸಿ. ‘ಇ’ ತೆಗೆದು ‘ಕುನಇ’ ಸೇರಿಸಿದರೆ ನಿಷೇಧ: ಸಮುಕುನಇ, ಚಳಿಯಿಲ್ಲ. ‘ಕತ್ತ’ ಸೇರಿಸಿದರೆ ಭೂತಕಾಲ: ಸಮುಕತ್ತ. ‘ಚಳಿ ಇರಲಿಲ್ಲ’ ಎನ್ನಲು ಹೊಸ ಸೂತ್ರ ಬೇಕಾಗಿಲ್ಲ. ‘ಕುನಇ’ಯ ಕೊನೆಯಲ್ಲೂ ‘ಇ’ ಇದೆಯಲ್ಲ, ಅದನ್ನೂ ಅದೇ ಕತ್ತರಿಗೆ ಕೊಡಿ: ಸಮುಕುನಕತ್ತ. ಬಾಯಿ ತೊಡರುತ್ತದೆ, ನಿಜ. ನಾನು ಇದನ್ನು ಬಟ್ಟೆ ಒಗೆಯುತ್ತಾ ಗಟ್ಟಿಯಾಗಿ ಹೇಳಿಕೊಂಡು ಕಲಿತೆ.

ಹಾಗಾದರೆ ‘ದೆಸು’ ಯಾಕೆ? ಬರೀ ಮರ್ಯಾದೆಗೆ. ‘ಸಮುಕತ್ತ ದೆಸು’ ಎಂದರೆ ಉತ್ತರ ಕರ್ನಾಟಕದವರು ‘ಚಳಿ ಇತ್ತುರೀ’ ಎಂದ ಹಾಗೆ. ‘ರೀ’ಗೆ ಭೂತಕಾಲ ಹಚ್ಚುವವರು ಯಾರು? ‘ದೆಸು’ವನ್ನೂ ಇಲ್ಲಿ ಹಾಗೇ ಬಿಡಿ. ಎರಡು ಗುಣಗಳನ್ನು ಹೆಣೆಯಲು ‘ಕುತೆ’ ಇದೆ: ‘ಯಸುಕುತೆ ಓಇಶೀ’, ಅಗ್ಗವೂ ಹೌದು, ರುಚಿಯೂ ಹೌದು.

ಅಪವಾದ ಮುಖ್ಯವಾಗಿ ಒಂದೇ, ಅದೂ ದಿನಕ್ಕೆ ನೂರು ಸಲ ಬರುವ ‘ಈ’, ಅಂದರೆ ಒಳ್ಳೆಯದು. ರೂಪ ಬದಲಿಸುವಾಗ ಅದು ತನ್ನ ಹಳೆಯ ವೇಷವಾದ ‘ಯೊಇ’ಗೆ ಮರಳುತ್ತದೆ: ಯೊಕುನಇ, ಯೊಕತ್ತ. ಕಳೆದುಹೋದ ಪರ್ಸ್ ಸಿಕ್ಕಾಗ ಜಪಾನಿಗರು ‘ಯೊಕತ್ತ!’ ಎಂದು ಉಸಿರು ಬಿಡುತ್ತಾರೆ. ನಮ್ಮ ‘ಸದ್ಯ!’ ಅದು. ವೇಷಧಾರಿಗಳೂ ಉಂಟು. ‘ಕಿರೇ’, ಅಂದರೆ ಸುಂದರ, ಬರವಣಿಗೆಯಲ್ಲಿ ‘ಇ’ಯಲ್ಲೇ ಮುಗಿದರೂ ‘ನ’ ಗುಂಪಿನದು, ಅಂದರೆ ನಾಮಪದಕ್ಕೆ ಸೇರುವಾಗ ನಡುವೆ ‘ನ’ ಬೇಡುವ ಇನ್ನೊಂದು ಬಗೆಯ ಗುಣವಾಚಕ. ‘ಕಿರೇ ನ ಹನ’ ಎಂದರೆ ಸುಂದರವಾದ ಹೂವು. ಸುಂದರವಲ್ಲ ಎನ್ನಲು ‘ಕಿರೇ ಜಾ ನಇ’.

ಅರ್ಥದ ವಿಷಯದಲ್ಲಿ ಕನ್ನಡ ಕೈಹಿಡಿಯುತ್ತದೆ. ಹವೆಯ ಚಳಿಗೆ ‘ಸಮುಇ’, ಮುಟ್ಟಿದರೆ ತಣ್ಣಗಿರುವ ನೀರಿಗೆ ‘ತ್ಸುಮೆತಇ’. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಎರಡಕ್ಕೂ ಒಂದೇ ಪದ, ಪಾಪ. ನಮಗೆ ಚಳಿಯೂ ತಣ್ಣಗೂ ಹುಟ್ಟಿನಿಂದಲೇ ಬೇರೆ. ಇನ್ನೊಬ್ಬರ ಚಳಿ ಮಾತ್ರ ಜಾಗ್ರತೆ. ‘ಸಮುಇ’ ನನಗಾಗುವ ಅನುಭವ. ಅವನು ನಡುಗುತ್ತಿದ್ದರೆ ‘ಸಮುಗತ್ತೆ ಇರು’, ಅಂದರೆ ಚಳಿಯಾದವನಂತೆ ಕಾಣುತ್ತಾನೆ. ಪರರ ಮೈಯೊಳಗೆ ಹೊಕ್ಕು ನೋಡಲಾಗದು ಎಂಬ ಸಂಕೋಚ ವ್ಯಾಕರಣದಲ್ಲೇ ಇದೆ. ಮಗುವನ್ನು ನೋಡಿ ಮೆಚ್ಚುವಾಗ ‘ಕವಈ’ಯ ಬದಲು ‘ಕೊವಇ’ ಎಂದೀರಿ! ಮೊದಲನೆಯದು ಮುದ್ದು, ಎರಡನೆಯದು ಭಯಂಕರ.

ಕತ್ತರಿ ಪಳಗಿತೇ? ಹಾಗಾದರೆ ಕ್ರಿಯಾಪದಕ್ಕೆ ‘ತಇ’ ಹಚ್ಚಿ ನೋಡಿ. ‘ತಬೆತಇ’, ತಿನ್ನಬೇಕು ಅನಿಸುತ್ತಿದೆ. ತಬೆತಕುನಇ, ತಬೆತಕತ್ತ: ಆಸೆಯೂ ಚಳಿಯ ದಾರಿಯಲ್ಲೇ ನಡೆಯುತ್ತದೆ.

ಅಂದ ಹಾಗೆ, ಮೊದಲ ಪಾಠದಲ್ಲೇ ಬಾಯಿಪಾಠ ಮಾಡಿದ ‘ಒಹಯೋ’ ಕೂಡ ಈ ಕುಲದ್ದೇ. ‘ಹಯಇ’ ಎಂದರೆ ಬೇಗನೆಯ. ಅದರ ‘ಹಯಕು’ ರೂಪದ ಕಕಾರ ಸವೆದು ‘ಹಯೋ’ ಆಗಿ, ಮುಂದೊಂದು ಗೌರವದ ‘ಒ’ ಸೇರಿಕೊಂಡಿದೆ.