ಕತ್ತಲನ್ನು ಕರೆಯುವ ನಾಟಕಕ್ಕೆ ಬೆಳಕು ಮಾಡಿದ್ದು

ಮ್ಯಾಕ್‌ಬೆತ್ ಅಂದರೆ, ಮಾಟಗಾತಿಯರ ಭವಿಷ್ಯ ಕೇಳಿ ರಾಜ ಡಂಕನ್‌ನನ್ನು ಕೊಂದು ಸಿಂಹಾಸನ ಏರುವ ಸ್ಕಾಟ್ಲೆಂಡಿನ ಸೇನಾಪತಿಯ ಕಥೆ. ಶೇಕ್ಸ್‌ಪಿಯರ್‌ನ ಈ ನಾಟಕದಲ್ಲಿ ಕತ್ತಲು ತಾನಾಗಿ ಬರುವುದಿಲ್ಲ. ಯಾರಾದರೂ ಬಾಯಿಬಿಟ್ಟು ಕರೆದ ಮೇಲೇ ಬರುತ್ತದೆ. ನಮ್ಮ ಹವ್ಯಾಸಿ ತಂಡ ಈ ನಾಟಕವನ್ನು ಕನ್ನಡದಲ್ಲಿ ಆಡಿದಾಗ ಲೈಟಿಂಗ್ ನನ್ನ ಪಾಲಿಗೆ ಬಂದಿತ್ತು. ನಾನು ಮಾಡಿದ್ದೆಲ್ಲ ಈ ಒಂದು ಮಾತನ್ನು ಹಿಡಿದುಕೊಂಡೇ. ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ. ಶೇಕ್ಸ್‌ಪಿಯರ್‌ನ ದುರಂತ ನಾಟಕಗಳನ್ನು ಆಡುವವರಿಗೆ, ಮನೆಯಲ್ಲಿ ಕೂತು ಓದುವವರಿಗೂ, ಏನಾದರೂ ಸಿಗಬಹುದು.

ಶುರುವಿಗೆ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಬೋರ್ಡ್ ಹತ್ತಿರ ಹೋಗಲೇ ಇಲ್ಲ. ಸ್ಕ್ರಿಪ್ಟ್ ಹಿಡಿದು ಕೂತೆ. ನಕ್ಷತ್ರ, ಚಂದ್ರ, ಮೇಣದಬತ್ತಿ, ಪಂಜು, ರಾತ್ರಿ, ಕತ್ತಲು, ಇಂಥ ಮಾತು ಬಂದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಪಕ್ಕದಲ್ಲಿ ಎರಡು ಸಂಗತಿ ಬರೆದುಕೊಂಡೆ. ಈ ಮಾತು ಯಾರದು? ಆ ಹೊತ್ತಿಗೆ ದೀಪ ಯಾರ ಕೈಯಲ್ಲಿದೆ?

ದೀಪ ಯಾರ ಕೈಯಲ್ಲಿ ಅನ್ನುವುದು ಯಾಕೆ ಮುಖ್ಯ ಅಂದರೆ, ಈ ನಾಟಕಗಳು ಹುಟ್ಟಿದ್ದು ಹಗಲಿನಲ್ಲಿ. ಲಂಡನ್ನಿನ ಗ್ಲೋಬ್ ರಂಗಮಂದಿರ ಕಟ್ಟಿದ್ದು 1599ರಲ್ಲಿ. ನಡುವೆ ಚಾವಣಿ ಇಲ್ಲ, ಆಟ ಮಧ್ಯಾಹ್ನ. ಬಿಸಿಲಲ್ಲಿ ನಿಂತ ಜನರಿಗೆ ನಡುರಾತ್ರಿ ತೋರಿಸಬೇಕು. ಅದಕ್ಕೆ ಅವರ ಹತ್ತಿರ ಇದ್ದದ್ದು ಎರಡೇ: ಮಾತು, ಮತ್ತು ನಟನ ಕೈಯಲ್ಲೊಂದು ಪಂಜು. ಪಂಜು ಬಂತು ಅಂದರೆ ರಾತ್ರಿ ಆಯ್ತು ಅಂತ ಅರ್ಥ. ನಟರ ತಲೆಯ ಮೇಲಿದ್ದ ಸೂರಿಗೆ ‘ಸ್ವರ್ಗ’ ಅನ್ನುತ್ತಿದ್ದರು. ಅದರ ಕೆಳಮೈಗೆ ಆಕಾಶದ ಚಿತ್ರ ಬಿಡಿಸುವ ರೂಢಿ ಇತ್ತು. ಹಾಗಾಗಿ ಪಾತ್ರವೊಂದು ನಕ್ಷತ್ರದ ಜೊತೆ ಮಾತಾಡಿದಾಗ ತಲೆ ಎತ್ತಿದರೆ ಅಲ್ಲೇ ಉತ್ತರ ಕೊಡದ ಆಕಾಶ ಇರುತ್ತಿತ್ತು.

ನಮ್ಮಲ್ಲಿ ಡಿಮ್ಮರ್ ಇದೆ, ಬ್ಲ್ಯಾಕ್‌ಔಟ್ ಇದೆ. ಅದೇ ತೊಂದರೆ. ‘ರಾತ್ರಿ’ ಅಂದ ಕೂಡಲೇ ದೀಪಕ್ಕೆ ನೀಲಿ ಜೆಲ್ (ಬಣ್ಣದ ಹಾಳೆ) ಹಾಕಿ ಬೆಳಕು ಇಳಿಸಿಬಿಟ್ಟರೆ ಮಾತಿಗೆ ಕೆಲಸವೇ ಉಳಿಯುವುದಿಲ್ಲ.

ಮೊದಲ ಗುರುತು ಬಿದ್ದದ್ದು ಡಂಕನ್ ರಾಜನ ಮಾತಿಗೆ. ಅವನು ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿ ಅಂತ ಸಾರುತ್ತಾನೆ. ಯೋಗ್ಯರಾದವರೆಲ್ಲರ ಮೇಲೂ ಗೌರವದ ಗುರುತುಗಳು ನಕ್ಷತ್ರಗಳ ಹಾಗೆ ಹೊಳೆಯಲಿ ಅನ್ನುತ್ತಾನೆ. ಕೆಲವೇ ಸಾಲು ಕಳೆಯುವುದರಲ್ಲಿ ಮ್ಯಾಕ್‌ಬೆತ್ ಪಕ್ಕಕ್ಕೆ ತಿರುಗಿ ಹೇಳುತ್ತಾನೆ: ನಕ್ಷತ್ರಗಳೇ, ನಿಮ್ಮ ಬೆಂಕಿಯನ್ನು ಮುಚ್ಚಿಕೊಳ್ಳಿ, ನನ್ನ ಒಳಗಿನ ಕಪ್ಪು ಆಸೆ ಬೆಳಕಿಗೆ ಕಾಣಬಾರದು. ರಾಜ ಹಂಚಿದ ಬೆಳಕನ್ನು ಇವನು ಅಲ್ಲೇ ಆರಿಸಲು ಕೇಳುತ್ತಿದ್ದಾನೆ. ಮುಂದಿನ ದೃಶ್ಯದಲ್ಲಿ ಹೆಂಡತಿಯೂ ಅದೇ ಬೇಡಿಕೆ ಇಡುತ್ತಾಳೆ. ದಟ್ಟ ರಾತ್ರಿಯೇ ಬಾ, ನರಕದ ಹೊಗೆ ಹೊದ್ದು ಬಾ, ಕತ್ತಲ ಕಂಬಳಿಯ ಸಂದಿಯಿಂದ ಸ್ವರ್ಗ ಇಣುಕದಿರಲಿ ಅಂತ. ಗಂಡ ಹೆಂಡತಿ ಇನ್ನೂ ಭೇಟಿಯೇ ಆಗಿಲ್ಲ. ಇಬ್ಬರೂ ಒಂದೇ ಬಾಗಿಲು ತಟ್ಟುತ್ತಿದ್ದಾರೆ.

ಇದನ್ನೇ ನಾನು ಲೈಟಿಂಗಿನ ಲೆಕ್ಕ ಮಾಡಿಕೊಂಡೆ. ಒಬ್ಬರು ಕರೆದಾಗೊಮ್ಮೆ ಒಂದು ಪದರ ಬೆಳಕು ಕಳೆಯಬೇಕು. ಮ್ಯಾಕ್‌ಬೆತ್ ಕರೆದಾಗ ಹಿಂದಿನ ಪರದೆಯ ಮೇಲಿನ ಬೆಳಕು ಇಳಿಯಲು ಶುರು. ಹೆಂಡತಿ ಕರೆದಾಗ ಎರಡೂ ಪಕ್ಕದ ಬೆಳಕು. ಫೇಡ್ ತುಂಬಾ ನಿಧಾನ. ಮಾತು ಮುಗಿದು ಸ್ವಲ್ಪ ಹೊತ್ತಾದ ಮೇಲೆ, ಅರೆ, ಕತ್ತಲಾಯ್ತಲ್ಲ ಅಂತ ಜನಕ್ಕೆ ಗೊತ್ತಾಗಬೇಕು. ಎರಡನೇ ಅಂಕದ ಶುರುವಿಗೆ ಮ್ಯಾಕ್‌ಬೆತ್‌ನ ಜೊತೆಗಾರ ಸೇನಾಪತಿ ಬ್ಯಾಂಕೋ ತನ್ನ ಮಗ ಫ್ಲಿಯಾನ್ಸ್ ಜೊತೆ ಬರುವಾಗ, ಸ್ವರ್ಗದಲ್ಲಿ ಜಿಪುಣತನ ಶುರುವಾಗಿದೆ, ದೀಪ ಎಲ್ಲ ಆರಿಸಿದ್ದಾರೆ ಅನ್ನುತ್ತಾನೆ. ಅಷ್ಟು ಹೊತ್ತಿಗೆ ನಿಜವಾಗಿಯೂ ಸ್ಟೇಜಿನ ಮೇಲೆ ಹುಡುಗನ ಕೈಯ ಲಾಟೀನು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ.

ಹಾಗಾದರೆ ವಿಧಿ ಎಲ್ಲಿ ಬಂತು? ರಿಹರ್ಸಲ್ಲಿನಲ್ಲಿ ಇದರ ಬಗ್ಗೆ ಜಾಸ್ತಿ ಚರ್ಚೆ ಆಗಿದ್ದು. ನಮ್ಮ ಜನಕ್ಕೆ ಗ್ರಹಚಾರ, ಹಣೆಬರಹ ಹೊಸದಲ್ಲ, ಅಲ್ವಾ? ರೋಮಿಯೋ ಜೂಲಿಯೆಟ್ ಕಥೆ ಹೇಳಿದರೆ ಗ್ರಹಗತಿ ಕೂಡಿ ಬರದ ಜೋಡಿ ಅಂತ ತಕ್ಷಣ ಅರ್ಥ ಆಗುತ್ತದೆ. ಅಲ್ಲಿ ಮುನ್ನುಡಿಯಲ್ಲೇ ನಕ್ಷತ್ರಗಳು ತೀರ್ಪು ಕೊಟ್ಟಾಗಿದೆ. ಜೂಲಿಯೆಟ್ ಸತ್ತಳು ಅಂತ ಸುದ್ದಿ ಕೇಳಿದ ರೋಮಿಯೋ ನಕ್ಷತ್ರಗಳಿಗೇ ಸವಾಲು ಹಾಕುತ್ತಾನೆ. ಆದರೆ ಆ ಸವಾಲೇ ಅವನನ್ನು ಸಮಾಧಿಗೆ ಕರೆದುಕೊಂಡು ಹೋಗುತ್ತದೆ. ಜೂಲಿಯಸ್ ಸೀಸರ್‌ನಲ್ಲಿ ಕ್ಯಾಸಿಯಸ್ ಅದಕ್ಕೆ ಉಲ್ಟಾ ಹೊಡೆಯುತ್ತಾನೆ, ತಪ್ಪು ನಕ್ಷತ್ರಗಳದ್ದಲ್ಲ, ನಮ್ಮದೇ ಅಂತ. ಹಾಗಂತ ಅವನನ್ನು ಪೂರ್ತಿ ನಂಬುವುದು ಕಷ್ಟ. ಅವನು ಆ ಮಾತಾಡುವುದು ಬ್ರೂಟಸ್‌ನನ್ನು ಸೀಸರ್‌ನ ಕೊಲೆಗೆ ಎಳೆಯಲಿಕ್ಕೆ.

ಕಿಂಗ್ ಲಿಯರ್ ನಾಟಕದಲ್ಲಿ ಗ್ಲಾಸ್ಟರ್ ಅನ್ನುವ ಸರದಾರ ಗ್ರಹಣಗಳಿಗೆ ಹೆದರುತ್ತಾನೆ. 1605ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಂದ್ರಗ್ರಹಣ, ಸೂರ್ಯಗ್ರಹಣ ಒಂದರ ಹಿಂದೆ ಒಂದು ಬಂದಿದ್ದವು. 1606ರ ಡಿಸೆಂಬರ್ 26ರಂದು ಅರಮನೆಯಲ್ಲಿ ನಾಟಕ ನೋಡಿದವರಿಗೆ ಅದು ಮರೆತಿರಲಿಕ್ಕಿಲ್ಲ. ಗ್ಲಾಸ್ಟರ್‌ನ ಮಗ ಎಡ್ಮಂಡ್ ಅಪ್ಪನ ಬೆನ್ನ ಹಿಂದೆ ನಗುತ್ತಾನೆ. ನಾವು ಮಾಡಿದ ಕೆಟ್ಟದ್ದನ್ನೆಲ್ಲ ಸೂರ್ಯ ಚಂದ್ರರ ತಲೆಗೆ ಕಟ್ಟುತ್ತೇವೆ ಅಂತ. ಮಾತು ಸರಿಯಾಗಿದೆ, ಆಡಿದವನು ಮಾತ್ರ ದುಷ್ಟ. ಈ ಗಂಟನ್ನು ಶೇಕ್ಸ್‌ಪಿಯರ್ ಬಿಚ್ಚುವುದೇ ಇಲ್ಲ. ನನಗೆ ಅವನ ಮೇಲೆ ಪ್ರೀತಿ ಹೆಚ್ಚಾಗುವುದು ಇಂಥ ಕಡೆ.

ಅದೇ ಕಾಲದ ಇನ್ನೊಬ್ಬ ನಾಟಕಕಾರ ವೆಬ್‌ಸ್ಟರ್‌ನ ಡಚೆಸ್ ಆಫ್ ಮಾಲ್ಫಿಯಲ್ಲಿ ಆಕಾಶ ಇನ್ನೂ ತಣ್ಣಗಿದೆ. ಸೆರೆಯಲ್ಲಿರುವ ಡಚೆಸ್ ನಕ್ಷತ್ರಗಳಿಗೆ ಶಾಪ ಹಾಕುತ್ತಾಳೆ. ಅವಳನ್ನು ಕಾಯುವ ಬೋಸೋಲಾ ಹೇಳುತ್ತಾನೆ, ನೋಡಿ, ಅವು ಇನ್ನೂ ಹೊಳೆಯುತ್ತಲೇ ಇವೆ. ಅವಳ ಚೊಚ್ಚಲ ಮಗನಿಗೆ ಅಲ್ಪಾಯುಷ್ಯ ಅಂತ ಜಾತಕದಲ್ಲಿ ಬರೆದಿರುತ್ತದೆ. ಕೊನೆಗೆ ಬದುಕಿ ಉಳಿಯುವವನು ಅವನೇ.

ಮ್ಯಾಕ್‌ಬೆತ್ ಇವರೆಲ್ಲರಿಗಿಂತ ಬೇರೆ. ಅವನನ್ನು ಯಾವ ನಕ್ಷತ್ರವೂ ದೂಡುವುದಿಲ್ಲ. ಮಾಟಗಾತಿಯರು ರಾಜನಾಗುತ್ತೀಯ ಅಂದರೇ ಹೊರತು ಕೊಲ್ಲು ಅನ್ನಲಿಲ್ಲ. ಯೋಗ ಇದ್ದರೆ ನಾನು ಕೈ ಅಲ್ಲಾಡಿಸದೆಯೂ ಕಿರೀಟ ಬರಲಿ ಅಂತ ಅವನೇ ಒಮ್ಮೆ ಹೇಳಿಕೊಳ್ಳುತ್ತಾನೆ. ಅವನಿಗೆ ನಕ್ಷತ್ರ ಬರೀ ಸಾಕ್ಷಿ. ಸಾಕ್ಷಿ ಕಣ್ಣು ಮುಚ್ಚಲಿ ಅಂತ ಅವನ ಆಸೆ. ನನಗೆ ರೋಮಿಯೋನ ಸಾವಿಗಿಂತ ಇದು ಹೆಚ್ಚು ಭಯ ಹುಟ್ಟಿಸುತ್ತದೆ.

ಇನ್ನು ಬ್ಯಾಂಕೋ ಕೊಲೆಯ ದೃಶ್ಯ. ಇಡೀ ನಾಟಕದ ಕೀಲು ಇಲ್ಲಿದೆ ಅಂತ ನನ್ನ ನಂಬಿಕೆ. ಹಿಂದಿನ ದೃಶ್ಯದಲ್ಲಿ ಮ್ಯಾಕ್‌ಬೆತ್ ಮತ್ತೆ ರಾತ್ರಿಯನ್ನು ಕರೆದಿದ್ದಾನೆ, ಬಂದು ಹಗಲಿನ ಕಣ್ಣು ಕಟ್ಟು ಅಂತ. ಬ್ಯಾಂಕೋನ ಮಕ್ಕಳು ರಾಜರಾಗುತ್ತಾರೆ ಅಂತ ಮಾಟಗಾತಿಯರು ಹೇಳಿದ ಮಾತನ್ನು ಅಳಿಸಬೇಕು, ಅಪ್ಪ ಮಗ ಇಬ್ಬರೂ ಸಾಯಬೇಕು. ಕೊಲೆಗಾರರು ಕಾಯುತ್ತಿದ್ದಾರೆ. ಪಡುವಣದಲ್ಲಿ ಇನ್ನೂ ಒಂದೆರಡು ಗೆರೆ ಬೆಳಕಿದೆ ಅಂತ ಒಬ್ಬ ಹೇಳುತ್ತಾನೆ. ಅಪ್ಪ ಮಗ ಪಂಜಿನೊಂದಿಗೆ ಬರುತ್ತಾರೆ. ಹೊಡೆತ ಬೀಳುತ್ತದೆ, ಪಂಜು ಆರುತ್ತದೆ. ದೀಪ ಆರಿಸಿದ್ದು ಯಾರು ಅಂತ ಮೂರನೆಯವನು ಕೇಳುತ್ತಾನೆ. ಆ ಕತ್ತಲಲ್ಲಿ ಮಗ ತಪ್ಪಿಸಿಕೊಂಡು ಓಡಿಹೋಗುತ್ತಾನೆ.

ಅಂದರೆ ಮ್ಯಾಕ್‌ಬೆತ್ ಕರೆಸಿದ ಕತ್ತಲೇ ಫ್ಲಿಯಾನ್ಸ್‌ನನ್ನು ಉಳಿಸಿತು. ಪಂಜು ಉರಿಯುತ್ತಲೇ ಇದ್ದಿದ್ದರೆ ಹುಡುಗ ಅಲ್ಲೇ ಸಾಯುತ್ತಿದ್ದ, ಮಾಟಗಾತಿಯರ ಮಾತು ಸುಳ್ಳಾಗುತ್ತಿತ್ತು. ನಾಟಕ ಬರೆದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಒಂದನೇ ಜೇಮ್ಸ್‌ನ ವಂಶ ಬ್ಯಾಂಕೋನಿಂದ ಬಂದದ್ದು ಅಂತ ಆ ಕಾಲದ ನಂಬಿಕೆ. ಆರಿದ ಒಂದು ಪಂಜಿನ ಆಚೆ ಅಷ್ಟು ದೊಡ್ಡ ಚರಿತ್ರೆ ನಿಂತಿದೆ.

ಇದನ್ನು ಮಾಡಿದ್ದು ಹೀಗೆ. ಸಭಾಂಗಣದಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ. ಹಳೆ ಲಾಟೀನಿಗೆ ಬ್ಯಾಟರಿ ಮತ್ತು ಹಳದಿ ಬೆಳಕಿನ ಚಿಕ್ಕ ಬಲ್ಬ್ ಹಾಕಿದೆವು. ಬಿಳಿ ಎಲ್‌ಇಡಿ ಬೇಡ, ಅದು ಮುಖವನ್ನು ಹೆಣದ ಹಾಗೆ ಮಾಡುತ್ತದೆ. ಸ್ವಿಚ್ಚನ್ನು ಹಿಡಿಯ ಕೆಳಗೆ, ಹುಡುಗನ ಹೆಬ್ಬೆರಳಿಗೆ ಸಿಗುವ ಕಡೆ ಕೂರಿಸಿದೆವು. ಆದರೆ ಇಂಥ ಬಲ್ಬು ಬರೀ ತನ್ನನ್ನು ತೋರಿಸಿಕೊಳ್ಳುತ್ತದೆ, ಸುತ್ತಲಿನವರ ಮುಖ ಬೆಳಗುವುದಿಲ್ಲ. ಅದಕ್ಕೆ ಮೇಲಿನಿಂದ ಒಂದು ಮೆತ್ತನೆಯ ಸ್ಪಾಟ್ ಕೊಟ್ಟೆ. ಈಗ ಎರಡೂ ಒಂದೇ ಕ್ಷಣಕ್ಕೆ ಆರಬೇಕು. ಡಿಮ್ಮರ್ ಬೋರ್ಡ್ ನೋಡಿಕೊಳ್ಳುತ್ತಿದ್ದ ಹುಡುಗನಿಗೆ, ಯಾವಾಗ ಯಾವ ಬೆಳಕು ಅಂತ ಬರೆದಿದ್ದ ಕ್ಯೂ ಶೀಟ್ ಮುಚ್ಚಿಡು, ಮಾತು ಕೇಳಬೇಡ, ಫ್ಲಿಯಾನ್ಸ್‌ನ ಮೊಣಕೈ ಒಂದನ್ನೇ ನೋಡು ಅಂದೆ. ಸ್ವಿಚ್ ಒತ್ತುವ ಮೊದಲು ಮೊಣಕೈ ತುಸು ಒಳಕ್ಕೆ ಬರುತ್ತಿತ್ತು. ಅದೇ ಕ್ಯೂ.

ಐದನೇ ಅಂಕದಲ್ಲಿ ದೀಪ ಲೇಡಿ ಮ್ಯಾಕ್‌ಬೆತ್ ಕೈಗೆ ಬರುತ್ತದೆ. ನಿದ್ದೆಯಲ್ಲಿ ನಡೆಯುತ್ತಿದ್ದಾಳೆ, ಇಲ್ಲದ ರಕ್ತದ ಕಲೆ ತೊಳೆಯಲು ಕೈ ತಿಕ್ಕುತ್ತಾಳೆ. ಆ ದೀಪ ಎಲ್ಲಿಂದ ಬಂತು ಅಂತ ವೈದ್ಯ ಕೇಳುತ್ತಾನೆ. ಯಾವಾಗಲೂ ಪಕ್ಕದಲ್ಲೇ ಇರಬೇಕು, ಅಮ್ಮನವರ ಅಪ್ಪಣೆ ಅಂತ ಸಖಿ ಹೇಳುತ್ತಾಳೆ. ದಟ್ಟ ರಾತ್ರಿಯೇ ಬಾ ಅಂದವಳು ಈಗ ದೀಪ ಬಿಟ್ಟು ಮಲಗಲಾರಳು. 1611ರಲ್ಲಿ ಗ್ಲೋಬ್‌ನಲ್ಲಿ ಈ ನಾಟಕ ನೋಡಿದ ಸೈಮನ್ ಫೋರ್ಮನ್ ಟಿಪ್ಪಣಿ ಬರೆದಿಟ್ಟಿದ್ದಾನೆ. ಅವನ ಕಸುಬು ವೈದ್ಯಕೀಯ ಮತ್ತು ಜ್ಯೋತಿಷ್ಯ ಎರಡೂ. ರಾಣಿ ನಿದ್ದೆಯಲ್ಲಿ ಎದ್ದು ನಡೆದು ಎಲ್ಲ ಒಪ್ಪಿಕೊಂಡದ್ದು, ವೈದ್ಯ ಅದನ್ನು ಬರೆದುಕೊಂಡದ್ದು ಅವನ ಕಣ್ಣಿಗೂ ಬಿದ್ದಿದೆ.

ಪಾತ್ರ ಮಾಡುತ್ತಿದ್ದ ಹುಡುಗಿ, “ಸಾರ್, ಕೈ ತಿಕ್ಕಬೇಕಲ್ಲ, ದೀಪ ಎಲ್ಲಿಡಲಿ?” ಅಂದಳು. ಒಳ್ಳೆ ಪ್ರಶ್ನೆ. “ಸ್ಟೂಲ್ ಮೇಲಿಡಮ್ಮ, ಆದರೆ ಅದರಿಂದ ಎರಡು ಹೆಜ್ಜೆಗಿಂತ ದೂರ ಹೋಗಬೇಡ,” ಅಂದೆ. ದೂರ ಹೋದರೆ ಮುಖ ಕತ್ತಲಾಗುತ್ತದೆ ಅನ್ನುವುದು ನನ್ನ ಕಾರಣ. ಅವಳು ಅದನ್ನು ಪಾತ್ರದ ಹೆದರಿಕೆ ಮಾಡಿಕೊಂಡಳು. ಬೆಳಕಿನ ಅಂಚಿಗೆ ಬಂದಾಗೆಲ್ಲ ಸರಕ್ಕನೆ ಹಿಂದೆ ಸರಿಯುತ್ತಿದ್ದಳು. ಹೋಗುವಾಗ ದೀಪ ಮರೆತು ಹೋಗುತ್ತಾಳೆ, ಸಖಿ ಅದನ್ನು ಎತ್ತಿಕೊಂಡು ಹಿಂದೆ ಓಡುತ್ತಾಳೆ. ಇದೂ ಅವಳೇ ಸೇರಿಸಿದ್ದು.

ಹೆಂಡತಿ ಸತ್ತ ಸುದ್ದಿ ಬಂದಾಗ ಮ್ಯಾಕ್‌ಬೆತ್ ಬದುಕನ್ನು ಚಿಕ್ಕ ಮೇಣದಬತ್ತಿ ಅನ್ನುತ್ತಾನೆ, ಆರು, ಆರಿಹೋಗು ಅನ್ನುತ್ತಾನೆ. ಅಲ್ಲಿ ಒಂದೇ ಸ್ಪಾಟ್ ಉಳಿಸಿ, ಮಾತು ಮುಗಿದಾಗ ಅದನ್ನೂ ಆರಿಸು ಅಂತ ನಿರ್ದೇಶಕರು ಹೇಳಿದ್ದರು. ನಾನು ಒಪ್ಪಲಿಲ್ಲ. ಇಡೀ ಸ್ಟೇಜನ್ನು ಬಿಳಿ ಬೆಳಕಿನಲ್ಲಿ ತುಂಬಿದೆ, ನಡುಹಗಲಿನ ಹಾಗೆ, ಜೆಲ್ ಇಲ್ಲದೆ. ಯಾಕಂದರೆ ಸ್ವಲ್ಪ ಹೊತ್ತಿಗೇ ಅವನು ಸೂರ್ಯನನ್ನು ನೋಡಿ ಬೇಸತ್ತೆ ಅನ್ನುತ್ತಾನೆ. ನಕ್ಷತ್ರದ ಬೆಳಕನ್ನೂ ಸಹಿಸದವನು ಈಗ ಬಿಸಿಲಲ್ಲಿ ನಿಂತಿದ್ದಾನೆ. ಕರೆದರೂ ಕತ್ತಲು ಬರುತ್ತಿಲ್ಲ. ಅಡಗಲು ಜಾಗ ಇಲ್ಲದ ಆ ಮುಖವನ್ನು ಕೊನೆಯ ಸಾಲಿನಲ್ಲಿ ಕೂತವರೂ ನೋಡಬೇಕು.

ಈ ಒಂದು ವಿಷಯದಲ್ಲಿ ನಿರ್ದೇಶಕರಿಗೂ ನನಗೂ ಇನ್ನೂ ಒಮ್ಮತ ಇಲ್ಲ. ಮತ್ತೆ ಆಡುವುದಾದರೆ ಸ್ಪಾಟ್ ಬೇಕೇ ಬೇಕು ಅನ್ನುತ್ತಾರೆ. ನಾನಂತೂ ಬಿಡುವುದಿಲ್ಲ.