ವೀಸ್ ಚರ್ಚನ್ನು ಗಾರೆ ಕೆಲಸದವನ ಕಣ್ಣಲ್ಲಿ ನೋಡೋದು

ದಾವಣಗೆರೆಯಲ್ಲಿ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವ ನಾನು. ಮ್ಯೂನಿಕ್‌ನಲ್ಲಿರೋ ಮಗಳು ಬವೇರಿಯಾದ ವೀಸ್ ಹಳ್ಳಿಯ ಚರ್ಚು ತೋರಿಸಿದಳು. ಝಿಮ್ಮರ್‌ಮನ್ ಅಣ್ಣತಮ್ಮಂದಿರು 1745ರಲ್ಲಿ ಶುರುಮಾಡಿ 1754ಕ್ಕೆ ಮುಗಿಸಿದ್ದು. ಚಿತ್ರ ಅಣ್ಣನದು, ಕಟ್ಟಡ ತಮ್ಮನದು. ಹೊರಗೆ ಹುಲ್ಲುಗಾವಲು, ಸಾದಾ ಗೋಡೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ.

ಒಳಗೆ ಹೋದ ಮೇಲೆ ಮೊದಲು ಕಂಬ ನೋಡಿ. ಬಲಿಪೀಠದ ಹತ್ತಿರದ ಕೆಂಪು, ನೀಲಿ ಕಂಬಗಳು ಅಮೃತಶಿಲೆ ಅಂದ್ಕೊಂಡಿದ್ದೆ. ಅಲ್ಲ, ಗಾರೆ! ಜಿಪ್ಸಮ್ಮಿಗೆ ಅಂಟು, ಬಣ್ಣ ಕಲಸಿ, ಗಟ್ಟಿಯಾದ ಮೇಲೆ ಉಜ್ಜುಜ್ಜಿ ಹೊಳಪು ತರೋದು. ನಿಜವಾದ ಕಲ್ಲು ಕೈಗೆ ತಣ್ಣಗೆ ಹತ್ತುತ್ತೆ, ಇದು ಅಷ್ಟು ತಣ್ಣಗಿರಲ್ಲ. ಆದ್ರೆ ಮುಟ್ಟೋಕೆ ಹೋಗಬೇಡಿ, ಬೈಸ್ಕೊಳ್ತೀರಿ.

ಆಮೇಲೆ ಕತ್ತೆತ್ತಿ. ಚಾವಣಿ ಕಲ್ಲಿನದಲ್ಲ, ಮರದ ಪಟ್ಟಿಗೆ ಗಾರೆ ಮೆತ್ತಿದ್ದು, ಅದಕ್ಕೇ ಹಗುರ. ಅದರ ಮೇಲಿನ ಚಿತ್ರದಲ್ಲಿ ಕಾಮನಬಿಲ್ಲಿನ ಮೇಲೆ ಕ್ರಿಸ್ತ ಕೂತಿದ್ದಾನೆ. ನ್ಯಾಯಪೀಠ ಖಾಲಿ. ಬಲಿಪೀಠದ ಕಡೆ ನಡೆದು, ತಿರುಗಿ ಆರ್ಗನ್ ವಾದ್ಯದ ಮೇಲ್ಗಡೆ ಚಾವಣಿ ನೋಡಿ: ಚಿತ್ರದಲ್ಲಿ ಮುಚ್ಚಿದ ಬಾಗಿಲು, ಅಂತ್ಯದ ದಿನಕ್ಕೆ ತೆರೆಯೋದಂತೆ. ಬಣ್ಣದಲ್ಲಿ ಬರೆದ ಆ ಬಾಗಿಲಿಗೆ ಚೌಕಟ್ಟಿನ ನೆರಳು ಎಷ್ಟು ಸರಿ ಬಿದ್ದಿದೆ ಅಂದ್ರೆ, ರಸಮಟ್ಟ ಹಿಡಿದು ನೋಡೋಣ ಅನ್ನಿಸ್ತು ನನಗೆ.